ಕಾರಿನ ದೀಪಗಳ ಅಲ್ಪಾಯುಷ್ಯ

ಭೂಮಧ್ಯರೇಖೆಯ ಸನಿಹದಲ್ಲಿರುವ ನೈರೋಬಿ ನಗರದಲ್ಲಿ, ವರ್ಷದ ಯಾವ ಮಾಸದಲ್ಲಿಯೇ ಆಗಲಿ, ಸೂರ್ಯನು ಸಂಜೆ ಆರೂವರೆಯ ಆಚೀಚೆಗೆ ಅಸ್ತಮಿಸುತ್ತಾನೆ. ಸಂಧ್ಯಾಕಾಲವು ಅತ್ಯಲ್ಪವಾದುದರಿಂದ, ಕಚೇರಿಯನ್ನು ಬಿಡುವಾಗ ಇದ್ದ ಬೆಳಕು ನ್ಗಾಂಗ್ ರಸ್ತೆಯನ್ನು ದಾಟಿ ಕಿಲಿಮಾನಿಯ ಮನೆಯನ್ನು ಸೇರುವಷ್ಟರಲ್ಲಿ ಸಂಪೂರ್ಣವಾಗಿ ಅಳಿದುಹೋಗಿರುತ್ತದೆ. ಆ ವೇಳೆಯಲ್ಲಿ ಆರ್ಗ್ವಿಂಗ್ಸ್ ಕೋಧೆಕ್ ರಸ್ತೆಯ ಅಂಚಿನಲ್ಲಿ ಕೆಲಸದಿಂದ ಮರಳುವ ಜನರು ಸಾಲುಸಾಲಾಗಿ ನಡೆದುಹೋಗುತ್ತಿರುತ್ತಾರೆ. ಮತಾಟುಗಳೆಂಬ ಬಾಡಿಗೆಯ ವ್ಯಾನುಗಳು ಎಲ್ಲೆಂದರಲ್ಲಿ ನಿಲ್ಲುತ್ತವೆ. ಬೋಡಾಬೋಡಾ ಬೈಕುಗಳು ಎಡಬಲಗಳೆರಡರಿಂದಲೂ ನುಸುಳುತ್ತವೆ. ಇಂತಹ ಊರಿನಲ್ಲಿ ಕಾರಿನ ದೀಪವು ಚಾಲಕನಿಗೆ ಎಷ್ಟು ಅವಶ್ಯಕವೋ, ಅವನೆದುರಿಗೆ ರಸ್ತೆ ದಾಟುವ ಅಪರಿಚಿತನಿಗೆ ಅದಕ್ಕಿಂತಲೂ ಹೆಚ್ಚು ಅವಶ್ಯಕವಾದುದು. ನಮ್ಮ ಕಾರಿನ ಬಲ್ಬುಗಳು ಮೇಲಿಂದಮೇಲೆ ಸುಟ್ಟುಹೋಗತೊಡಗಿದಾಗ ನನಗುಂಟಾದ ಕಳವಳಕ್ಕೆ ಮುಖ್ಯ ಕಾರಣವು ಇದೇ ಆಗಿದ್ದಿತು.

ಇಲ್ಲಿನ ಬಹುಪಾಲು ಸಂಸಾರಗಳ ಕಾರಿನಂತೆ ನಮ್ಮದೂ ಜಪಾನಿನಲ್ಲಿ ಕೆಲವು ವರ್ಷ ಓಡಿ, ಹಡಗನ್ನೇರಿ ಮೊಂಬಾಸಾ ಬಂದರಿನಲ್ಲಿ ಇಳಿದು ಬಂದದ್ದು. ಮೊದಲು ಎಡಗಡೆಯ ಹೆಡ್‌ಲೈಟು ಹೋಯಿತು, ಹೊಸದನ್ನು ಹಾಕಿಸಿದ ಸ್ವಲ್ಪಕಾಲಕ್ಕೆ ಬಲಗಡೆಯದು, ಅನಂತರ ಬ್ರೇಕಿನ ದೀಪ, ಪುನಃ ಎಡಗಡೆಯದು. ಪ್ರತಿಯೊಂದು ಸಲವೂ ಫುಂಡಿ, ಎಂದರೆ ಇಲ್ಲಿಯ ಮೆಕ್ಯಾನಿಕ್ಕು, ಹಳೆಯದನ್ನು ಕಿತ್ತು ಹೊಸದನ್ನು ಸೇರಿಸಿ ಕಳುಹಿಸುತ್ತಿದ್ದನು. ಪರಿಚಿತರ ಸಲಹೆಗಳಿಗೂ ಕೊರತೆಯಿರಲಿಲ್ಲ. ಬೇರೊಂದು ಕಂಪನಿಯ ಬಲ್ಬನ್ನು ಕೊಳ್ಳಬೇಕೆಂದು ಕೆಲವರೂ, ಸಮುದ್ರಮಟ್ಟದಿಂದ 1,700 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾದುದರಿಂದ ಬಲ್ಬುಗಳು ಬಾಳುವುದಿಲ್ಲವೆಂದು ಮತ್ತೆ ಕೆಲವರೂ ಹೇಳಿದರು. ಆದರೆ ವಾತಾವರಣದ ಒತ್ತಡದ ಹಲವು ಪಟ್ಟು ಒತ್ತಡದಲ್ಲಿ ಅನಿಲವನ್ನು ತುಂಬಿ ಮುಚ್ಚಿದ ಹ್ಯಾಲೋಜನ್ ಬಲ್ಬಿಗೆ ಈ ಎತ್ತರದ ವ್ಯತ್ಯಾಸವು ಗಣನೀಯವಾದುದಲ್ಲ. ಅಲ್ಲದೆ ಅದೇ ಎತ್ತರದಲ್ಲಿರುವ ನೆರೆಯವರ ಕಾರುಗಳು ಒಂದೇ ಬಲ್ಬಿನಲ್ಲಿ ವರ್ಷಗಳನ್ನು ಕಳೆಯುತ್ತಿದ್ದುದನ್ನು ನಾನು ಕಣ್ಣಾರೆ ನೋಡುತ್ತಿದ್ದೆನು.

ಆಗ ನಾನು ಕೆಟ್ಟ ಬಲ್ಬುಗಳನ್ನು ಎಸೆಯಗೊಡದೆ ಮನೆಗೆ ತಂದು, ಹಗಲ ಬೆಳಕಿನಲ್ಲಿ ಭೂತಗನ್ನಡಿಯಿಂದ ಪರೀಕ್ಷಿಸತೊಡಗಿದೆನು. ಬಲ್ಬು ಯಾವ ರೀತಿಯಲ್ಲಿ ನಾಶವಾಯಿತೆಂಬುದು ಅದರ ಗಾಜಿನಲ್ಲಿಯೂ ತಂತುವಿನಲ್ಲಿಯೂ ಬಹುಮಟ್ಟಿಗೆ ಲಿಖಿತವಾಗಿರುತ್ತದೆ. ಗಾಜು ನಿರ್ಮಲವಾಗಿದ್ದು ತಂತುವಿನ ತುದಿಗಳು ಚೂಪಾಗಿ ಮುರಿದಿದ್ದರೆ, ದೀಪವು ಆರಿದ್ದಾಗ ಕುಲುಕಾಟದಿಂದ ಮುರಿಯಿತೆಂದು ತಿಳಿಯಬೇಕು. ಒಳಗೆ ಬಿಳಿಯ ಇಲ್ಲವೆ ಹಳದಿಯ ಪುಡಿ ಕವಿದಿದ್ದರೆ, ಗಾಜು ಎಲ್ಲಿಯೋ ಬಿರಿದು ಗಾಳಿ ಹೊಕ್ಕಿದೆ. ಗಾಜಿನ ಮೈಯಲ್ಲಿ ಬೊಬ್ಬೆಯೆದ್ದಂತೆ ಉಬ್ಬಿದ್ದರೆ, ಅದನ್ನು ಬರಿಗೈಯಿಂದ ಮುಟ್ಟಿದ ಬೆರಳಿನ ಜಿಡ್ಡು ಆ ಸ್ಥಳವನ್ನು ಅತಿಯಾಗಿ ಕಾಯಿಸಿದೆ. ಇನ್ನು ಗಾಜು ಕಪ್ಪಿಟ್ಟು, ತುಂಡಾದ ತಂತುವಿನ ತುದಿಗಳು ಕರಗಿ ಗುಂಡಾಗಿದ್ದರೆ, ತಂತುವು ಉರಿಯುತ್ತಿದ್ದಾಗಲೇ ಸವೆದು ಕಡಿಯಿತೆಂದು ಅರ್ಥ. ಬಹುಕಾಲ ಬಾಳಿದ ಬಲ್ಬಿಗೆ ಇದು ಸಹಜವಾದ ಅಂತ್ಯ, ಹೊಸ ಬಲ್ಬಿಗೆ ಅಲ್ಲ. ನನ್ನ ಮೇಜಿನ ಮೇಲಿದ್ದವೆಲ್ಲವೂ ಈ ಕೊನೆಯ ಜಾತಿಗೆ ಸೇರಿದ್ದವು.

ಇದರ ಹಿಂದಿರುವ ಪದಾರ್ಥವಿಜ್ಞಾನವು ತಿಳಿದಿರತಕ್ಕದ್ದು. ಟಂಗ್‌ಸ್ಟನ್ ಲೋಹವು 3,422 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕರಗದು. ಆದರೆ ಉರಿಯುವ ತಂತುವಿನಿಂದ ಅದು ಕಣಕಣವಾಗಿ ಆವಿಯಾಗುತ್ತಲೇ ಇರುತ್ತದೆ. ಬಲ್ಬಿನೊಳಗಿನ ಅಯೋಡಿನ್ ಅಥವಾ ಬ್ರೋಮಿನ್ ಆ ಆವಿಯೊಡನೆ ಕೂಡಿ, ಗಾಜಿಗೆ ಅಂಟಗೊಡದೆ, ಅದನ್ನು ಮತ್ತೆ ತಂತುವಿನೆಡೆಗೆ ಒಯ್ಯುತ್ತದೆ. 1962ರಲ್ಲಿ ಯುರೋಪಿನ ವಾಹನಗಳಿಗೆ ಬಂದ ಎಚ್1 ಬಲ್ಬಿನಿಂದ ಇಂದಿನ ಎಚ್4ರವರೆಗೆ ಎಲ್ಲವೂ ಈ ತತ್ತ್ವವನ್ನು ಆಶ್ರಯಿಸಿವೆ. ವೋಲ್ಟೇಜು ಏರಿದಾಗ ತಂತು ಇನ್ನಷ್ಟು ಬಿಸಿಯಾಗಿ ಸವೆತವು ಈ ರಕ್ಷಣೆಯನ್ನು ಮೀರುತ್ತದೆ. ಬಲ್ಬಿನ ಆಯುಷ್ಯವು ವೋಲ್ಟೇಜಿನ ಹನ್ನೆರಡು ಹದಿಮೂರನೆಯ ಘಾತಕ್ಕೆ ವಿಲೋಮವಾಗಿ ಇಳಿಯುವುದರಿಂದ, ವೋಲ್ಟೇಜು ಶೇಕಡಾ 5ರಷ್ಟು ಹೆಚ್ಚಾದ ಮಾತ್ರಕ್ಕೆ ಆಯುಷ್ಯವು ಹೆಚ್ಚುಕಡಿಮೆ ಅರ್ಧವಾಗಿಬಿಡುತ್ತದೆ. ಬೆಳಕು ಮಾತ್ರ ಅದರಿಂದ ತುಸು ಹೆಚ್ಚಾಗಿ, ದೀಪಗಳು ಬಲು ಚೆನ್ನಾಗಿವೆಯೆಂಬ ಭಾವನೆಯನ್ನು ಹುಟ್ಟಿಸುತ್ತದೆ.

ಆದುದರಿಂದ ಮಲ್ಟಿಮೀಟರೊಂದನ್ನು ತಂದು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದೆನು. ಎಂಜಿನು ನಿಂತು ವಿಶ್ರಮಿಸಿದ್ದಾಗ 12.6 ವೋಲ್ಟು ತೋರಿತು. ಅದು ಆರೋಗ್ಯವಂತ ಬ್ಯಾಟರಿಯ ಲಕ್ಷಣ. ಎಂಜಿನನ್ನು ಚಾಲೂ ಮಾಡಿದಾಗ 13.8ರಿಂದ 14.5ರೊಳಗೆ ನಿಲ್ಲಬೇಕಾದ ಅಂಕಿಯು, ಆಕ್ಸಿಲರೇಟರನ್ನು ಮೆಲ್ಲನೆ ಒತ್ತಿದೊಡನೆ 15.3ಕ್ಕೆ ಏರಿ ಅಲ್ಲಿಯೇ ನಿಂತಿತು. ಬಲ್ಬುಗಳ ಆಯುಷ್ಯವು ಅರ್ಧಕ್ಕಿಂತಲೂ ಕೆಳಗಿಳಿದುದಕ್ಕೆ ಇಷ್ಟೇ ಸಾಕಾಗಿದ್ದಿತು. ಬ್ಯಾಟರಿಯ ನೀರು ಬೇಗಬೇಗನೆ ಬತ್ತುತ್ತಿದ್ದುದಕ್ಕೂ, ಎಂಜಿನಿನ ವೇಗ ಹೆಚ್ಚಿದಾಗ ಹೆಡ್‌ಲೈಟುಗಳು ಒಮ್ಮೆಲೇ ಉಜ್ವಲವಾಗುತ್ತಿದ್ದುದಕ್ಕೂ ಕಾರಣವು ಅದೇ ಕ್ಷಣದಲ್ಲಿ ಸ್ಪಷ್ಟವಾಯಿತು.

ವೋಲ್ಟೇಜು ಹೆಚ್ಚಿದೆಯೆಂದು ಕಂಡೊಡನೆ ಆಲ್ಟರ್ನೇಟರನ್ನೇ ಬದಲಾಯಿಸುವುದು ವಾಡಿಕೆ. ಆದರೆ ಸಾವಧಾನದಿಂದ ಕೆಲಸಮಾಡುವ, ವಿದ್ಯುತ್ತಿನ ಕೆಲಸವನ್ನು ಬಲ್ಲ ಫುಂಡಿಯೊಬ್ಬನು ಅದಕ್ಕೆ ಮೊದಲು ಒಂದು ಸಣ್ಣ ವೈರನ್ನು ನೋಡಬೇಕೆಂದನು. ಈ ಬಗೆಯ ಹಲವು ಕಾರುಗಳಲ್ಲಿ ಆಲ್ಟರ್ನೇಟರಿನ ರೆಗ್ಯುಲೇಟರಿಗೆ ಬ್ಯಾಟರಿಯ ಸ್ಥಿತಿಯನ್ನು ತಿಳಿಸುವುದಕ್ಕಾಗಿಯೇ ಒಂದು ತೆಳುವಾದ ವೈರು ಇರುತ್ತದೆ. ಅದರ ಜೋಡಣೆಯಲ್ಲಿ ತಡೆಯುಂಟಾದರೆ, ಬ್ಯಾಟರಿಯಲ್ಲಿರುವುದಕ್ಕಿಂತ ಕಡಿಮೆ ವೋಲ್ಟೇಜು ರೆಗ್ಯುಲೇಟರಿಗೆ ಮುಟ್ಟುತ್ತದೆ. ಆಗ ಅದು, ಹೊಟ್ಟೆ ತುಂಬಿದ ಮಗುವು ಹಸಿದಿದೆಯೆಂದು ಬಗೆದು ಉಣಿಸುತ್ತಲೇ ಇರುವ ತಾಯಿಯಂತೆ, ವಿದ್ಯುತ್ತನ್ನು ಇನ್ನೂ ಇನ್ನೂ ನೂಕುತ್ತದೆ. ಎಂಜಿನು ಓಡುತ್ತಿರುವಾಗಲೇ ಬ್ಯಾಟರಿಯ ಧನಾಗ್ರಕ್ಕೂ ಆ ವೈರಿನ ಕೊನೆಗೂ ನಡುವೆ ಮೀಟರು ಹಿಡಿದಾಗ, ಸೊನ್ನೆಯ ಸಮೀಪದಲ್ಲಿರಬೇಕಾದ ಅಂಕಿಯು ಒಂದು ವೋಲ್ಟಿನಷ್ಟಿದ್ದಿತು. ಆಲ್ಟರ್ನೇಟರಿನ ಹಿಂಬದಿಯ ಕನೆಕ್ಟರನ್ನು ಬಿಚ್ಚಿದಾಗ ಒಳಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿದ್ದಿತು. ಆ ಪಿನ್ನನ್ನೂ ಅದೇ ದಾರಿಯ ಫ್ಯೂಸನ್ನೂ ಬದಲಾಯಿಸಿ, ಕನೆಕ್ಟರನ್ನು ಶುಚಿಮಾಡಿ ಒಣಗಿಸಿ ಸೇರಿಸಿದೊಡನೆ ಮೀಟರು 14.2ಕ್ಕೆ ಇಳಿಯಿತು. ಆಲ್ಟರ್ನೇಟರು ಅಂದಿಗೂ ಚೆನ್ನಾಗಿದ್ದಿತು, ಇಂದಿಗೂ ಚೆನ್ನಾಗಿದೆ.

ಆ ಬಳಿಕ ನಮ್ಮ ಪಕ್ಕದ ಕಟ್ಟಡದಲ್ಲಿರುವ, ಉಡುಪಿಯ ಕಡೆಯಿಂದ ಬಂದ ಹಿರಿಯರೊಬ್ಬರು, "ನಮ್ಮ ಕಾರಿನದೂ ಒಂದಿಷ್ಟು ನೋಡಿ ಮಾರಾಯ್ರೆ, ಎಡಬದಿಯದ್ದು ಮಾತ್ರ ನಿಲ್ಲುವುದೇ ಇಲ್ಲ" ಎಂದರು. ಎರಡು ಬದಿಯ ದೀಪಗಳೂ ಸರದಿಯಂತೆ ಹೋಗುತ್ತಿದ್ದರೆ ದೋಷವು ಎಲ್ಲಕ್ಕೂ ಸಮಾನವಾದ ಮೂಲದಲ್ಲಿರುತ್ತದೆ. ಒಂದೇ ಬದಿಯದು ಹೋಗುತ್ತಿದ್ದರೆ ಆ ಬದಿಯಲ್ಲಿಯೇ ಹುಡುಕಬೇಕು. ಅವರ ಕಾರಿನ ವೋಲ್ಟೇಜು ನಿರ್ದುಷ್ಟವಾಗಿದ್ದಿತು. ಆದರೆ ಎಡಗಡೆಯ ಬಲ್ಬನ್ನು ಹಿಡಿದಿಡುವ ತಂತಿಯ ಕ್ಲಿಪ್ಪು ಸರಿಯಾಗಿ ಕುಳಿತಿರಲಿಲ್ಲ, ಹಿಂಬದಿಯ ರಬ್ಬರು ಮುಚ್ಚಳವೂ ಕಳೆದುಹೋಗಿದ್ದಿತು. ರಸ್ತೆಯುಬ್ಬುಗಳ ಮೇಲೆ ಬಲ್ಬು ಅಲುಗಾಡುತ್ತಿದ್ದಿತು. ಮಾರ್ಚಿಯಿಂದ ಮೇವರೆಗಿನ ದೊಡ್ಡ ಮಳೆಗಾಲದಲ್ಲಿ ಅದರ ಕಾದ ಗಾಜಿಗೆ ನೀರು ಸಿಡಿಯುತ್ತಿದ್ದಿತು.

ಬಲ್ಬನ್ನು ಕೊಳ್ಳುವಾಗಲೂ ವಿವೇಚನೆ ಬೇಕು. ಹಿಂದೆ ಗ್ರೋಗನ್ ರಸ್ತೆಯೆನಿಸಿಕೊಂಡಿದ್ದ ಕಿರಿನ್ಯಾಗಾ ರಸ್ತೆಯು ಬೆಂಗಳೂರಿನ ಜೆ.ಸಿ. ರಸ್ತೆಯಂತೆ ವಾಹನಗಳ ಬಿಡಿಭಾಗಗಳಿಗೆ ಹೆಸರಾದುದು. ಅಲ್ಲಿ ಎಚ್4 ಬಲ್ಬನ್ನು ಕೇಳಿದರೆ ನಿಯಮಿತವಾದ 60/55 ವ್ಯಾಟಿನದರ ಪಕ್ಕದಲ್ಲಿಯೇ 100/90 ವ್ಯಾಟಿನದೂ ದೊರೆಯುತ್ತದೆ. 60 ವ್ಯಾಟಿಗೆ 5 ಆಂಪಿಯರು ಸಾಕಾಗುವಲ್ಲಿ 100 ವ್ಯಾಟು 8 ಆಂಪಿಯರಿಗೂ ಮಿಕ್ಕಿ ಎಳೆಯುವುದರಿಂದ ಹೋಲ್ಡರು ಕರಗುತ್ತದೆ, ವೈರು ಕಾಯುತ್ತದೆ, ಎದುರಿನಿಂದ ಬರುವವನ ಕಣ್ಣು ಕೋರೈಸುತ್ತದೆ. ಅತಿ ಪ್ರಕಾಶವನ್ನು ವಾಗ್ದಾನಮಾಡುವ ಬಲ್ಬುಗಳ ತಂತುವು ಹೆಚ್ಚು ಬಿಸಿಯಾಗಿ ಉರಿಯುವುದರಿಂದ ಅವುಗಳ ಆಯುಷ್ಯವು ಸ್ವಭಾವತಃ ಕಡಿಮೆ. ಸಾಧಾರಣವಾದ, ಒಳ್ಳೆಯ ತಯಾರಿಕೆಯ ಬಲ್ಬನ್ನು ಕೊಂಡು, ಶುಭ್ರವಾದ ಬಟ್ಟೆಯಿಂದ ಲೋಹದ ಬುಡವನ್ನು ಹಿಡಿದು ಕೂರಿಸುವುದೇ ಕ್ಷೇಮ.

ಹೊಸ ಬಲ್ಬೊಂದು ಬೇಗನೆ ಹೋದರೆ ಅದು ಆಕಸ್ಮಿಕವಿರಬಹುದು. ಎರಡನೆಯದೂ ಹಾಗೆಯೇ ಹೋದರೆ ಮೂರನೆಯದನ್ನು ಕೊಳ್ಳುವ ಮುನ್ನ ಕಾರಣವನ್ನು ಹುಡುಕತಕ್ಕದ್ದು. ಮೊದಲು ಕೆಟ್ಟ ಬಲ್ಬನ್ನು ನೋಡಬೇಕು. ಆಮೇಲೆ ಹೋಗುತ್ತಿರುವುದು ಒಂದೇ ಬದಿಯದೋ ಎರಡೂ ಬದಿಯವೋ ಎಂಬುದನ್ನು ವಿಚಾರಿಸಬೇಕು. ಅನಂತರ ವೋಲ್ಟೇಜನ್ನು ಅಳೆಯಬೇಕು. ಅದು ಹೆಚ್ಚಾಗಿದ್ದರೆ ಆಲ್ಟರ್ನೇಟರನ್ನು ದೂರುವ ಮುನ್ನ ಅದಕ್ಕೆ ವಾರ್ತೆಯನ್ನು ಒಯ್ಯುವ ವೈರನ್ನೂ ಫ್ಯೂಸನ್ನೂ ಶೋಧಿಸಬೇಕು. ಈ ಕ್ರಮಕ್ಕೆ ಬೇಕಾದುದು ಅಗ್ಗದ ಮೀಟರೊಂದು ಮತ್ತು ಅರ್ಧ ಗಂಟೆಯ ವ್ಯವಧಾನ. ಲಿಮೂರನ್ನು ದಾಟಿ ನಕೂರಿನ ಹೆದ್ದಾರಿಯಲ್ಲಿ ಮಂಜು ಕವಿದ ಇರುಳಿನಲ್ಲಿ ಭಾರಿ ಲಾರಿಗಳ ನಡುವೆ ಸಾಗಬೇಕಾದವರು ಅಷ್ಟು ವ್ಯವಧಾನವನ್ನು ಹೊರಡುವ ಮುನ್ನವೇ ಮಾಡಿಕೊಳ್ಳಲಿ; ಅದು ತಮ್ಮ ಸಂಸಾರಕ್ಕೂ, ದಾರಿಯಲ್ಲಿ ಎದುರಾಗುವ ಅಪರಿಚಿತರಿಗೂ ಅವರು ಸಲ್ಲಿಸಲೇಬೇಕಾದ ಕರ್ತವ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.