ಕಲ್ಲು ಸರಿಸದೆ ಹೋದವನ ಮಾತು

ತಮ್ಮಾ, ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ನಿನಗೆ ಕೆಲಸ ಆಯಿತೆಂದು ನಿಮ್ಮವ್ವ ಪೇಢೆ ಕೊಟ್ಟು ಹೋದಳು. ಕೆಎ-23 ನಂಬರಿನ ಹೊಸ ಬೈಕಿನ ಸುದ್ದಿಯನ್ನೂ ಹೇಳಿದಳು. ಹೆಲ್ಮೆಟ್ ಹಾಕು, ಗದ್ದದ ಪಟ್ಟಿ ಬಿಗಿ ಮಾಡು ಅಂತ ಆಗಲೇ ಹತ್ತು ಮಂದಿ ಹೇಳಿರುತ್ತಾರೆ. ನಾನು ಹನ್ನೊಂದನೆಯವನು ಅಂದುಕೋ. ಆದರೆ ನಾನು ಹೇಳಹೊರಟಿದ್ದು ಬೈಕಿನ ಮಾತಲ್ಲ, ನಿನ್ನ ನೌಕರಿಯ ಮಾತು.

ಮೂವತ್ತು ವರ್ಷ ಬಸ್ಸು ಹೊಡೆದವನು ನಾನು. ನಿಪ್ಪಾಣಿಯಿಂದ ಚಿಕ್ಕೋಡಿ, ಮಾಂಜರಿ ಸೇತುವೆ ದಾಟಿ ಮಿರಜ್, ರಾಯಬಾಗದಿಂದ ಕುಡಚಿ, ಉಗಾರದ ಮೇಲೆ ಅಥಣಿ. ಈ ರಸ್ತೆಗಳ ಒಂದೊಂದು ತಗ್ಗೂ ನನಗೆ ಗೊತ್ತು. ಕಬ್ಬಿನ ಹಂಗಾಮಿನ ಒಂದು ರಾತ್ರಿ ಕಾಗವಾಡದ ಹತ್ತಿರ ಡಾಂಬರಿನ ಮೇಲೆ ಎರಡು ಕಲ್ಲು ಕಂಡವು. ಕಬ್ಬಿನ ಟ್ರೇಲರ್ ಪಂಕ್ಚರ್ ಆದಾಗ ಗಾಲಿಗೆ ಅಡ್ಡ ಇಟ್ಟ ಕಲ್ಲುಗಳು. ಗಾಲಿ ಬದಲಿಸಿದವನು ಹೊರಟುಹೋಗಿದ್ದ, ಕಲ್ಲು ಉಳಿದಿದ್ದವು. ಅವನನ್ನು ಬೈದು, ಸ್ಟೇರಿಂಗ್ ತಿರುವಿ ಮುಂದೆ ಹೋದೆ.

ವಾಪಸ್ ಬರುವಾಗ ಅಲ್ಲಿ ಮಂದಿ ಸೇರಿತ್ತು. ಬೈಕಿನಿಂದ ಬಿದ್ದ ಹುಡುಗನ ಕಾಲಿಗೆ ಯಾರೋ ಟಾವೆಲ್ ಸುತ್ತಿದ್ದರು. ಉಳಿದವರು ವಾದಕ್ಕೆ ನಿಂತಿದ್ದರು. ‘ಜೋರ್ ಬಂದಾನ್ರೀ’, ‘ಕುಡದಿರಬೇಕು’, ‘ಹಣೇಬರಾ’. ದವಾಖಾನೆಗೆ ಒಯ್ಯಲು ಮಾತ್ರ ಎಲ್ಲರಿಗೂ ಅಂಜಿಕೆ, ಸಾಕ್ಷಿಗೆ ಅಲೆಯಬೇಕಾದೀತೆಂದು. (ಈಗ ಮೋಟಾರು ವಾಹನ ಕಾಯ್ದೆಯಲ್ಲಿ 134ಎ ಕಲಂ ಬಂದಿದೆ, ಒಯ್ದವನಿಗೆ ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಇದನ್ನು ನೆನಪಿಡು.) ಕೊನೆಗೆ ಬಸ್ಸಿನಲ್ಲೇ ಹಾಕಿಕೊಂಡು ಹೋದೆವು. ಹುಡುಗ ಉಳಿದ, ಕಾಲು ಉಳಿಯಲಿಲ್ಲ. ಠಾಣೆಯ ಕಾಗದದಲ್ಲಿ ಅತಿವೇಗ ಮತ್ತು ನಿರ್ಲಕ್ಷ್ಯ ಎಂದು ಬರೆದುಕೊಂಡರು. ಅದೇನೂ ಸುಳ್ಳಲ್ಲ, ಅವನು ಜೋರಾಗಿಯೇ ಬಂದಿದ್ದ. ಆದರೆ ಆ ಕಾಗದದಲ್ಲಿ ಕಲ್ಲು ಬಿಟ್ಟವನಿಲ್ಲ, ನೋಡಿಯೂ ಸರಿಸದೆ ಹೋದ ನಾನೂ ಇಲ್ಲ.

ಹುಡುಗರು ಜೋರಾಗಿ ಹೊಡೆಯುತ್ತಾರೆ, ರಾತ್ರಿ ಡ್ಯೂಟಿಯವನಿಗೆ ಕಣ್ಣು ಎಳೆಯುತ್ತದೆ, ಕೂಸು ಚೆಂಡಿನ ಹಿಂದೆ ರಸ್ತೆಗೆ ಓಡುತ್ತದೆ. ಮನುಷ್ಯ ತಪ್ಪುವವನೇ ಎಂದು ಮೊದಲೇ ಲೆಕ್ಕ ಹಿಡಿದು ರಸ್ತೆ, ಗಾಡಿ, ವೇಗ, ದವಾಖಾನೆ ಎಲ್ಲವನ್ನೂ ಹೊಂದಿಸಬೇಕೆಂದು ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿಕೊಂಡಿತು. ನಮ್ಮಲ್ಲಿ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಕಲಂ ಸೇರಿತು. ರಸ್ತೆಯನ್ನು ನಿಯಮದಂತೆ ಕಟ್ಟದೆ, ನೋಡಿಕೊಳ್ಳದೆ ಜೀವ ಹೋದರೆ ಗುತ್ತಿಗೆದಾರನಿಗೂ ಹೊಣೆ ಹೊತ್ತ ಪ್ರಾಧಿಕಾರಕ್ಕೂ ಒಂದು ಲಕ್ಷ ರೂಪಾಯಿವರೆಗೆ ದಂಡ. ಹಾಗೆ ದಂಡ ಕಟ್ಟಿದವನನ್ನು ನಾನಂತೂ ಕಂಡಿಲ್ಲ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು.

ಡ್ರೈವರನ ತಪ್ಪಿನ ಹಿಂದೆಯೂ ಬೇರೆಯವರ ಲೆಕ್ಕ ಇರುತ್ತದೆ. ತವಂದಿ ಘಾಟಿನಲ್ಲಿ ಲಾರಿಯನ್ನು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ನೋಡಿದ್ದೇನೆ. ಏರಿದ ಗೇರಿನಲ್ಲೇ ಇಳಿಯಬೇಕೆಂಬುದು ಅವರಿಗೆ ಗೊತ್ತಿಲ್ಲವೇ? ಗೊತ್ತು. ಮಾಲೀಕ ಡೀಸೆಲ್ ಲೆಕ್ಕ ಕೇಳುತ್ತಾನೆ ಎಂಬುದೂ ಗೊತ್ತು.

ಈಗ ನಿನ್ನ ಕೆಲಸಕ್ಕೆ ಬರುತ್ತೇನೆ. ಕಬ್ಬು ಸಾಗಿಸುವ ಬಾಡಿಗೆ ಟನ್ನಿನ ಲೆಕ್ಕದಲ್ಲಿ, ಹಾಗಾಗಿ ಟ್ರ್ಯಾಕ್ಟರಿನವನು ಎರಡೂ ಟ್ರೇಲರಿಗೆ ಹಿಡಿಯಲಾರದಷ್ಟು ಹೇರುತ್ತಾನೆ. ಯಾರ್ಡಿನಲ್ಲಿ ತಾಸುಗಟ್ಟಲೆ ಪಾಳಿ ಕಾಯ್ದು, ನಿದ್ದೆಗೆಟ್ಟು ಮತ್ತೊಂದು ಖೇಪಿಗೆ ಓಡುತ್ತಾನೆ. ಹಂಗಾಮಿನ ಮೊದಲು ಪೊಲೀಸರು, ಕಾರ್ಖಾನೆಯವರು ಸೇರಿ ಹಿಂದೆ ಕೆಂಪು ರಿಫ್ಲೆಕ್ಟರ್ ಅಂಟಿಸಿ ಫೋಟೊ ತೆಗೆಸಿಕೊಳ್ಳುವುದುಂಟು. ಕಬ್ಬು ಹೇರಿದ ಮೇಲೆ ಆ ಟ್ರೇಲರಿನ ಹಿಂದೆ ಒಮ್ಮೆ ನಿಂತು ನೋಡು. ಜೋತುಬಿದ್ದ ಕಬ್ಬು ದೀಪವನ್ನೂ ರಿಫ್ಲೆಕ್ಟರನ್ನೂ ನುಂಗಿರುತ್ತದೆ. ಅರವತ್ತರ ವೇಗದ ಬೈಕು ಸೆಕೆಂಡಿಗೆ ಹದಿನೇಳು ಮೀಟರ್ ಓಡುತ್ತದೆ. ಡಿಮ್ ಲೈಟಿಗೆ ಕಾಣುವುದು ನಲವತ್ತು ಮೀಟರ್ ಇದ್ದೀತು. ಕಣ್ಣು ಕಂಡದ್ದು ಕೈಗೆ ಮುಟ್ಟುವಷ್ಟರಲ್ಲಿ ಒಂದು ಸೆಕೆಂಡ್ ಹೋಯಿತು. ಬ್ರೇಕಿಗೆ ಉಳಿದದ್ದೆಷ್ಟು, ನೀನೇ ಲೆಕ್ಕ ಹಾಕು. ಎದುರಿನಿಂದ ಲಾರಿ ಡಿಪ್ಪರ್ ಕೊಡದೆ ಬಂದರೆ ಆ ಲೆಕ್ಕವೂ ಬೇಡ.

ಆದ್ದರಿಂದ ರಿಫ್ಲೆಕ್ಟರ್ ಪಟ್ಟಿಯನ್ನು ಹೇರಿದ ಕಬ್ಬಿನ ಮೇಲೆಯೇ ಹಗ್ಗದಿಂದ ಕಟ್ಟಿಸು. ಸಂಜೆ ಕಾಟಾದ ಹತ್ತಿರ ಐವತ್ತು ಹೆಜ್ಜೆ ಹಿಂದೆ ನಿಂತು ಟಾರ್ಚ್ ಬಿಡು. ಹೊಳೆಯದಿದ್ದರೆ ಮುಂದಿನ ಖೇಪಿನ ಸ್ಲಿಪ್ ಕೊಡಬೇಡ. ಸಾಹೇಬರಿಗೆ ಪಾಳಿಯ ಮಾತನ್ನೂ ಮುಟ್ಟಿಸು, ನಿದ್ದೆ ಮಾಡಿದವನು ಓಡಿಸಲಿ. ಹೊಸಬ ಅಂತ ನಕ್ಕಾರು, ನಗಲಿ.

ಇನ್ನು ಕಲ್ಲಿನ ವಿಷಯ. ‘ಕಲ್ಲು ತೆಗೀರ್ಯೋ’ ಅಂತ ಡ್ರೈವರುಗಳಿಗೆ ಹೇಳಿ ಹೇಳಿ ನನ್ನ ಸರ್ವಿಸ್ ಮುಗಿಯಿತು. ಹೇಳುವುದರಿಂದ ಆಗುವ ಕೆಲಸವಲ್ಲ ಅದು. ಕಟ್ಟಿಗೆಯ ಬೆಣೆಗೆ ಸರಪಳಿ ಹಾಕಿ ಟ್ರೇಲರಿಗೇ ಕಟ್ಟಿದರೆ ಮರೆತು ಹೊರಟರೂ ಅದು ಗಡಗಡ ಸದ್ದು ಮಾಡುತ್ತ ಹಿಂದೆಯೇ ಬರುತ್ತದೆ. ನಮ್ಮ ಹಿತ್ತಲಲ್ಲಿ ಜಾಲಿಯ ಕೊರಡೊಂದು ಬಿದ್ದಿದೆ. ಬಡಿಗೇರನಿಗೆ ಹೇಳಿ ನಾಲ್ಕು ಬೆಣೆ ಕೊರೆಸಿಟ್ಟಿರುತ್ತೇನೆ. ಐತವಾರ ಬಂದು ಒಯ್ಯಿ, ಸರಪಳಿ ನೀನು ತಾ.