ಲೋಳೆಸರದ ಸತ್ವ ಕಾಯ್ದುಕೊಳ್ಳುವುದು ಹೇಗೆ?

ಲೋಳೆಸರದ ತಿಳಿ ಲೋಳೆಯಲ್ಲಿ ಶೇಕಡಾ 98ಕ್ಕಿಂತ ಹೆಚ್ಚು ನೀರೇ ಇರುತ್ತದೆ. ಈ ಬೆಳೆಯ ಬೆಲೆಯೆಲ್ಲ ಉಳಿದ ಅಲ್ಪ ಭಾಗದಲ್ಲಿದೆ. ಅದರಲ್ಲಿ ಮುಖ್ಯವಾದುದು ಅಸಿಮ್ಯಾನನ್ ಎಂಬ ಪಾಲಿಸ್ಯಾಕರೈಡು; ಎಂದರೆ, ಮ್ಯಾನೋಸ್ ಎಂಬ ಸಕ್ಕರೆಯ ಅಣುಗಳು ಮಣಿಗಳಂತೆ ಪೋಣಿಸಿಕೊಂಡು ಆದ ಉದ್ದನೆಯ ಸರ. ಲೋಳೆಗೆ ಮದ್ಯಸಾರ ಬೆರೆಸಿದರೆ ಇದು ಗಸಿಯಾಗಿ ಬೇರ್ಪಡುತ್ತದೆ.

ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ರಕ್ಷಕ ಜೀವಕೋಶಗಳನ್ನು ಅಸಿಮ್ಯಾನನ್ ಚುರುಕುಗೊಳಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಹಾಗೆಂದು, ಲೋಳೆ ಕುಡಿದವರಿಗೆ ರೋಗವೇ ಬಾರದೆಂಬ ವ್ಯಾಪಾರಿಗಳ ಮಾತನ್ನು ನಂಬುವಂತಿಲ್ಲ. ಮನುಷ್ಯರಲ್ಲಿ ಅಷ್ಟು ಪುರಾವೆ ದೊರೆತಿಲ್ಲ.

ಎಲೆ ಕೊಯ್ದ ಮೇಲೆ ಅದರಲ್ಲಿಯ ಕಿಣ್ವಗಳೂ ಸೂಕ್ಷ್ಮಾಣುಗಳೂ ಈ ಸರವನ್ನು ತುಂಡರಿಸತೊಡಗುತ್ತವೆ. ಗಟ್ಟಿ ಲೋಳೆ ನೀರಾಗುವುದೇ ಇದರ ಗುರುತು. ಬಿಸಿಲಿನಲ್ಲಿ ರಾಶಿ ಹಾಕಿದ ಎಲೆ ತೂಕಕ್ಕೆ ಬಂದೀತು, ಪರೀಕ್ಷೆಗೆ ನಿಲ್ಲದು. ಆದುದರಿಂದ ಕೊಳ್ಳುವ ಘಟಕದವರೊಡನೆ ದಿನ ಗೊತ್ತುಮಾಡಿಕೊಂಡ ನಂತರವೇ ಕೊಯ್ಲಿಗೆ ಇಳಿಯಬೇಕು. ಬಲಿತ ಹೊರ ಎಲೆಗಳನ್ನು ಸೀಳದಂತೆ ಬುಡದಲ್ಲಿ ಕೊಯ್ದು, ನೆರಳಿನಲ್ಲಿಟ್ಟು, ಅಂದೇ ಸಾಗಿಸಬೇಕು.

ಕೊಯ್ದ ಬುಡದಿಂದ ಸೋರುವ ಹಳದಿ ರಸ ಬೇರೆಯೇ ವಸ್ತು. ಅದರಲ್ಲಿ ಭೇದಿ ಮಾಡಿಸುವ ಅಲೋಯಿನ್ ಇದೆ. ಈ ರಸವನ್ನು ಬೇರ್ಪಡಿಸದ ಇಡೀ ಎಲೆಯ ಸಾರವನ್ನು 2 ವರ್ಷ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳಾದುದನ್ನು ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 2013ರಲ್ಲಿ ವರದಿ ಮಾಡಿತು. ಮನೆಬಳಕೆಗಾದರೂ ಸರಿಯೆ, ಎಲೆಯನ್ನು ಬುಡ ಕೆಳಗಾಗಿ ನಿಲ್ಲಿಸಿ ರಸ ಸೋರಿಸಿ, ಸಿಪ್ಪೆಯನ್ನು ದಪ್ಪನಾಗಿ ತೆಗೆದು, ಲೋಳೆಯನ್ನು ಚೆನ್ನಾಗಿ ತೊಳೆದುಕೊಳ್ಳಬೇಕು.