ಪ್ರಾಚೀನ ಈಜಿಪ್ಟ್: ಸಮಾಜ, ಆಡಳಿತ, ಸೈನ್ಯ ಮತ್ತು ಆರ್ಥಿಕತೆ

ಸಮಾಜ
• ಶ್ರೇಣಿ: ಫೇರೋ (ರಾಜ), ಕುಲೀನರು ಮತ್ತು ಪುರೋಹಿತರು, ಲಿಪಿಕಾರರು, ಕುಶಲಕರ್ಮಿಗಳು, ರೈತರು, ಗುಲಾಮರು. ಜನಸಂಖ್ಯೆಯಲ್ಲಿ ರೈತರೇ ಬಹುಪಾಲು.
• ಮಹಿಳೆಯರಿಗೆ ಆಸ್ತಿ ಹೊಂದುವ, ವಿಚ್ಛೇದನ ಪಡೆಯುವ ಹಕ್ಕಿತ್ತು. ಹತ್‌ಶೆಪ್ಸುತ್ ಸ್ವತಃ ಫೇರೋ ಆಗಿ ಆಳಿದಳು.

ಆಡಳಿತ
• ಫೇರೋನನ್ನು ಹೋರಸ್ ದೇವತೆಯ ಪ್ರತಿರೂಪವೆಂದು ನಂಬಲಾಗಿತ್ತು.
• ಪ್ರಧಾನಮಂತ್ರಿಯಾದ ವಜೀರನು ನ್ಯಾಯ, ಕಂದಾಯ, ಉಗ್ರಾಣಗಳ ಮೇಲ್ವಿಚಾರಕ.
• ಪ್ರಾಂತ್ಯಗಳ ಹೆಸರು ‘ನೋಮ್’. ಸಾಂಪ್ರದಾಯಿಕವಾಗಿ ಒಟ್ಟು 42 (ಮೇಲಣ ಈಜಿಪ್ಟ್ 22, ಕೆಳಗಣ ಈಜಿಪ್ಟ್ 20). ಪ್ರಾಂತ್ಯಾಧಿಕಾರಿ ‘ನೋಮಾರ್ಕ್’.
• ‘ಮಾತ್’: ಸತ್ಯ, ನ್ಯಾಯ, ಸುವ್ಯವಸ್ಥೆಯ ತತ್ವ ಹಾಗೂ ಅದರ ದೇವತೆ.

ಸೈನ್ಯ
• ಹಳೆಯ ರಾಜ್ಯದ ಕಾಲದಲ್ಲಿ ಅಗತ್ಯ ಬಿದ್ದಾಗ ಪ್ರಾಂತ್ಯಗಳಿಂದ ಪಡೆ ಕಟ್ಟಲಾಗುತ್ತಿತ್ತು. ಹೊಸ ರಾಜ್ಯದಲ್ಲಿ ಖಾಯಂ ಸೇನೆ ಪ್ರಬಲವಾಯಿತು.
• ಕುದುರೆ ರಥದ ಬಳಕೆ ವಿದೇಶಿ ಮೂಲದ ಹಿಕ್ಸೋಸ್ ಅರಸರ ಕಾಲದಲ್ಲಿ ಬಂದಿತು.
• ಕಾದೇಶ್ ಕದನ (ಸುಮಾರು ಕ್ರಿ.ಪೂ. 1274): 2ನೇ ರಾಮ್ಸೆಸ್ ಮತ್ತು ಹಿಟ್ಟೈಟರ ನಡುವೆ. ಸುಮಾರು 15 ವರ್ಷಗಳ ಬಳಿಕ ಶಾಂತಿ ಒಪ್ಪಂದವಾಯಿತು.

ಆರ್ಥಿಕತೆ
• ನೈಲ್ ಆಧಾರಿತ 3 ಋತುಗಳು: ಅಖೆತ್ (ಪ್ರವಾಹ), ಪೆರೆತ್ (ಬಿತ್ತನೆ, ಬೆಳವಣಿಗೆ), ಶೆಮು (ಕಟಾವು).
• ಮುಖ್ಯ ಬೆಳೆಗಳು: ಗೋಧಿ, ಬಾರ್ಲಿ, ಅಗಸೆ.
• ನಾಣ್ಯವಿಲ್ಲದ ಕಾಲದಲ್ಲಿ ‘ದೆಬೆನ್’ ಎಂಬ ತೂಕವೇ ಬೆಲೆಯ ಅಳತೆ. ಕಂದಾಯ, ಕೂಲಿ ಎರಡೂ ಬಹುತೇಕ ಧಾನ್ಯದಲ್ಲಿ.
• ಆಮದು: ನುಬಿಯಾದಿಂದ ಚಿನ್ನ, ಲೆಬನಾನ್‌ನಿಂದ ದೇವದಾರು, ಪುಂಟ್‌ನಿಂದ ಸುಗಂಧದ್ರವ್ಯ.

ನೆನಪಿಡಿ: 3ನೇ ರಾಮ್ಸೆಸ್‌ನ 29ನೇ ಆಳ್ವಿಕೆ ವರ್ಷದಲ್ಲಿ, ಪಡಿತರ ತಡವಾದುದಕ್ಕೆ ದೇರ್ ಎಲ್-ಮದೀನಾದ ಗೋರಿ ನಿರ್ಮಾಣ ಕುಶಲಕರ್ಮಿಗಳು ಕೆಲಸ ನಿಲ್ಲಿಸಿದರು. ಇದು ಇತಿಹಾಸದಲ್ಲಿ ದಾಖಲಾದ ಮೊದಲ ಮುಷ್ಕರವೆಂದು ಪರಿಗಣಿತ.